‘ನಾವು’ ಎನ್ನುವ ಹಕ್ಕು ಯಾರಿಗೆ?

ದುಡಿಯುವವರ ಬದುಕನ್ನು ಕುರಿತ ಚಲನಚಿತ್ರಗಳು ಹೆಚ್ಚಿಲ್ಲ. ದುಡಿಯುವವರು ಒಂದುಗೂಡಿ ಸಂಘ ಕಟ್ಟುವುದರ ಕಷ್ಟವನ್ನು ಕುರಿತವು ಇನ್ನೂ ವಿರಳ. ಇಂಗ್ಲೆಂಡಿನ ನಿರ್ದೇಶಕ ಕೆನ್ ಲೋಚ್ ಅವರ ‘ಬ್ರೆಡ್ ಅಂಡ್ ರೋಸಸ್’ ಅಂಥ ವಿರಳ ಕೃತಿಗಳಲ್ಲಿ ಒಂದು. ಪಾಲ್ ಲಾವರ್ಟಿ ಚಿತ್ರಕಥೆ ಬರೆದಿರುವ ಈ ಚಿತ್ರ 2000ದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಅಮೆರಿಕದ ಲಾಸ್ ಏಂಜಲಿಸ್ ನಗರದ ಗಗನಚುಂಬಿ ಕಟ್ಟಡಗಳನ್ನು ರಾತ್ರಿಯ ಹೊತ್ತು ಗುಡಿಸಿ ಒರೆಸುವ ವಲಸೆ ಕಾರ್ಮಿಕರ ಕಥೆ ಇದು. ಅಂದಿಗೂ ಇಂದಿಗೂ ನಡುವೆ ಕಾಲು ಶತಮಾನ ಸರಿದಿದೆ. ಆದರೂ ಚಿತ್ರ ಎತ್ತಿದ ಪ್ರಶ್ನೆ ಹಳತಾಗಿಲ್ಲ. ಅದಕ್ಕೆಂದೇ, ಪ್ರಿಯ ಓದುಗರೇ, ಇದರ ಗುಣದೋಷಗಳನ್ನು ನಿಮ್ಮೊಡನೆ ಕೂತು ಪರಿಶೀಲಿಸುವ ಮನಸ್ಸಾಗಿದೆ.

ಕಥೆ ಸರಳವಾದದ್ದು. ಮಾಯಾ ಎಂಬ ಮೆಕ್ಸಿಕೋದ ಯುವತಿ ಕಳ್ಳದಾರಿಯಲ್ಲಿ ಗಡಿ ದಾಟಿ, ಲಾಸ್ ಏಂಜಲಿಸ್‌ನಲ್ಲಿ ನೆಲೆಸಿರುವ ಅಕ್ಕ ರೋಸಾಳ ಮನೆ ಸೇರುತ್ತಾಳೆ. ಅಕ್ಕನ ಮೂಲಕವೇ ಕಟ್ಟಡ ಶುಚಿಗೊಳಿಸುವ ಕೆಲಸ ದೊರೆಯುತ್ತದೆ. ಕೆಲಸ ಕೊಟ್ಟ ಮೇಸ್ತ್ರಿ ಪೆರೆಜ್ ಆರಂಭದ ಸಂಬಳವನ್ನು ತನ್ನ ಜೇಬಿಗೆ ಇಳಿಸುತ್ತಾನೆ. ತಡವಾಗಿ ಬಂದಳೆಂಬ ಕಾರಣಕ್ಕೆ ವಯಸ್ಸಾದ ಕೆಲಸಗಾರ್ತಿಯೊಬ್ಬಳನ್ನು ಎಲ್ಲರೆದುರಿಗೇ ಹೊರಗೆ ಅಟ್ಟುತ್ತಾನೆ. ಆ ಹೊತ್ತಿಗೆ ಸ್ಯಾಮ್ ಎಂಬ ಬಿಳಿಯ ತರುಣ, ಕಾರ್ಮಿಕ ಸಂಘದ ಸಂಘಟಕ, ಕಟ್ಟಡದೊಳಕ್ಕೆ ನುಸುಳುತ್ತಾನೆ. ಕಾವಲುಗಾರರು ಬೆನ್ನಟ್ಟಿದಾಗ ಮಾಯಾ ಅವನನ್ನು ತನ್ನ ಕಸದ ಡಬ್ಬಿಯಲ್ಲಿ ಅಡಗಿಸಿ ಪಾರುಮಾಡುತ್ತಾಳೆ. ಅಲ್ಲಿಂದ ಗುಟ್ಟಿನ ಸಭೆಗಳು, ವಕೀಲರ ಔತಣಕೂಟಕ್ಕೆ ನುಗ್ಗಿ ಮಾಡುವ ಪ್ರತಿಭಟನೆ, ಒಳಗಿನವರೊಬ್ಬರ ದ್ರೋಹ, ವಜಾ, ಮೆರವಣಿಗೆ, ಬಂಧನ, ಎಲ್ಲ ಒಂದರ ಹಿಂದೊಂದು ನಡೆಯುತ್ತವೆ. ಕೊನೆಗೆ ಕೆಲಸಗಾರರು ಗೆಲ್ಲುತ್ತಾರೆ. ಆದರೆ ಮಾಯಾ ಗಡೀಪಾರಾಗುತ್ತಾಳೆ.

ಚಿತ್ರದ ತಿರುಳು ಅಡಗಿರುವುದು ಬಹಳ ಮುಂಚೆಯೇ ಬರುವ ಒಂದು ಸಣ್ಣ ಮಾತುಕತೆಯಲ್ಲಿ. ಸ್ಯಾಮ್ ರೋಸಾಳ ಮನೆಗೆ ಬಂದು, ‘ನಾವು’ ಹೋರಾಡಬೇಕು, ‘ನಾವು’ ಗೆಲ್ಲಬಹುದು ಎಂದು ಉತ್ಸಾಹದಿಂದ ವಿವರಿಸುತ್ತಾನೆ. ರೋಸಾ ಆ ‘ನಾವು’ ಎಂಬ ಪದವನ್ನೇ ಹಿಡಿದು ಅವನನ್ನು ತಡೆಯುತ್ತಾಳೆ. ಕೆಲಸ ಹೋದರೆ ಹೋಗುವುದು ತನ್ನದು. ಕಾಯಿಲೆಯ ಗಂಡ, ಮಕ್ಕಳು, ಬಾಡಿಗೆ, ಇವೆಲ್ಲ ತನ್ನ ತಲೆಯ ಮೇಲಿವೆ. ಕೈಯಲ್ಲಿ ಪೊರಕೆ ಹಿಡಿಯದ ಈ ತರುಣ ಯಾವ ಅಧಿಕಾರದಿಂದ ‘ನಾವು’ ಎನ್ನುತ್ತಾನೆ? ಸ್ಯಾಮ್‌ನ ಬಳಿ ಉತ್ತರವಿಲ್ಲ. ನನ್ನ ಮಟ್ಟಿಗೆ ಇಡೀ ಚಿತ್ರ ಈ ಪ್ರಶ್ನೆಗೆ ಉತ್ತರ ಹುಡುಕುವ ಯತ್ನ. ಅಷ್ಟೇ ಅಲ್ಲ, ಅಮೆರಿಕದ ಕಾರ್ಮಿಕ ಸಂಘಗಳು ವಲಸೆಗಾರರೊಡನೆ ನಡೆದುಕೊಂಡು ಬಂದ ಒಂದೂಕಾಲು ಶತಮಾನದ ಕಥೆಯೂ ಇದೇ ಪ್ರಶ್ನೆಯ ಕಥೆ: ‘ನಾವು’ ಎಂದರೆ ಯಾರು ಯಾರು?

ಆ ಕಥೆ ಹೆಮ್ಮೆಪಡುವಂತೆ ಆರಂಭವಾಗಲಿಲ್ಲ. 1882ರಲ್ಲಿ ಚೀನೀಯರ ಪ್ರವೇಶವನ್ನು ನಿಷೇಧಿಸುವ ಕಾನೂನು ಬಂದಾಗ ಅದರ ಬೆನ್ನಿಗೆ ನಿಂತವರಲ್ಲಿ ಕಾರ್ಮಿಕ ಸಂಘಟನೆಗಳೇ ಮುಂದಿದ್ದವು. ‘ಅಮೆರಿಕನ್ ಫೆಡರೇಷನ್ ಆಫ್ ಲೇಬರ್’ ಒಕ್ಕೂಟದ ಸ್ಥಾಪಕ ಸ್ಯಾಮ್ಯುಯೆಲ್ ಗಾಂಪರ್ಸ್ ಸ್ವತಃ ಲಂಡನ್ನಿನಲ್ಲಿ ಹುಟ್ಟಿ ವಲಸೆ ಬಂದವರು. ಆದರೂ ಏಷ್ಯಾದವರನ್ನು ಹೊರಗಿಡಬೇಕೆಂದು ಅವರು ಜೀವಮಾನವಿಡೀ ವಾದಿಸಿದರು. ಹೊಸದಾಗಿ ಬಂದವರು ಕಡಿಮೆ ಕೂಲಿಗೆ ದುಡಿದು ಹಳಬರ ಅನ್ನ ಕಸಿಯುತ್ತಾರೆ, ಭಾಷೆ ತಿಳಿಯದ ಇವರನ್ನು ಸಂಘಟಿಸಲಾಗದು ಎಂಬುದು ಅಂದಿನ ನಂಬಿಕೆ. 1912ರಲ್ಲಿ ಮ್ಯಾಸಚೂಸೆಟ್ಸ್‌ನ ಲಾರೆನ್ಸ್ ಪಟ್ಟಣದ ಬಟ್ಟೆ ಗಿರಣಿಗಳಲ್ಲಿ ಈ ನಂಬಿಕೆ ಸುಳ್ಳಾಯಿತು. ಮಹಿಳೆಯರ ಹಾಗೂ ಮಕ್ಕಳ ಕೆಲಸದ ಅವಧಿಯನ್ನು ವಾರಕ್ಕೆ 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಬಂದೊಡನೆ ಮಾಲೀಕರು ಕೂಲಿಯನ್ನೂ ಇಳಿಸಿದರು. ಹತ್ತಾರು ದೇಶಗಳಿಂದ ಬಂದು ಹತ್ತಾರು ಭಾಷೆಗಳನ್ನಾಡುತ್ತಿದ್ದ ಕೆಲಸಗಾರರು ಒಟ್ಟಾಗಿ ಮುಷ್ಕರ ಹೂಡಿ ಗೆದ್ದರು. ಗಾಂಪರ್ಸ್ ಅವರ ಒಕ್ಕೂಟಕ್ಕೆ ಸೇರಿದ ಗಿರಣಿ ಸಂಘ ಮಾತ್ರ ದೂರ ನಿಂತಿತು. ಆ ಮುಷ್ಕರದ ನೆನಪಿಗೆ ಅಂಟಿಕೊಂಡು ಬಂದ ‘ರೊಟ್ಟಿಯೂ ಬೇಕು, ಗುಲಾಬಿಯೂ ಬೇಕು’ ಎಂಬ ಆಶಯವೇ ಲೋಚ್ ಅವರ ಚಿತ್ರದ ಹೆಸರು. ರೊಟ್ಟಿ ಎಂದರೆ ಕೂಲಿ, ಗುಲಾಬಿ ಎಂದರೆ ಮಾನದ ಬದುಕು.

ಇನ್ನು ಲಾಸ್ ಏಂಜಲಿಸ್‌ಗೆ ಬರೋಣ. ಚಿತ್ರದಲ್ಲಿ ಸ್ಯಾಮ್ ಕೆಲಸಗಾರರ ಮುಂದೆ ಒಂದು ಲೆಕ್ಕ ಇಡುತ್ತಾನೆ: 1982ರಲ್ಲಿ ಇದೇ ಕೆಲಸಕ್ಕೆ ಗಂಟೆಗೆ ಎಂಟೂವರೆ ಡಾಲರ್ ಕೂಲಿ, ಜೊತೆಗೆ ಆರೋಗ್ಯವಿಮೆ ಇತ್ತು, ಹದಿನೇಳು ವರ್ಷಗಳ ತರುವಾಯ ಐದು ಮುಕ್ಕಾಲು ಡಾಲರ್, ವಿಮೆಯಿಲ್ಲ. ಇದು ಹೇಗಾಯಿತು? ಕಟ್ಟಡದ ಒಡೆಯರು ಶುಚಿತ್ವದ ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಿದರು. ಗುತ್ತಿಗೆದಾರರು ಸಂಘದ ಸದಸ್ಯರನ್ನು ಬಿಟ್ಟು, ಮೆಕ್ಸಿಕೋ ಹಾಗೂ ಮಧ್ಯ ಅಮೆರಿಕದಿಂದ ಹೊಸದಾಗಿ ಬಂದವರನ್ನು ಅಗ್ಗದ ಕೂಲಿಗೆ ನೇಮಿಸಿಕೊಂಡರು. ಒಬ್ಬ ಗುತ್ತಿಗೆದಾರ ನ್ಯಾಯವಾದ ಕೂಲಿ ಕೊಡಲು ಒಪ್ಪಿದರೆ ಮರುತಿಂಗಳೇ ಆ ಗುತ್ತಿಗೆ ಇನ್ನೊಬ್ಬನ ಪಾಲಾಗುತ್ತಿತ್ತು. ನಮ್ಮ ನಗರಗಳ ಗುತ್ತಿಗೆ ಪೌರಕಾರ್ಮಿಕರ ಪಾಡನ್ನು ಬಲ್ಲ ಓದುಗರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೆ ಎದುರಾಗಿ ‘ಸರ್ವಿಸ್ ಎಂಪ್ಲಾಯೀಸ್ ಇಂಟರ್‌ನ್ಯಾಷನಲ್ ಯೂನಿಯನ್’ ಎಂಬ ಸಂಘವು 1980ರ ದಶಕದಲ್ಲಿ ‘ಜಸ್ಟಿಸ್ ಫಾರ್ ಜಾನಿಟರ್ಸ್’ ಚಳವಳಿ ಆರಂಭಿಸಿತು. ಗುತ್ತಿಗೆದಾರನನ್ನು ಬಿಟ್ಟು, ಅವನ ಹಿಂದಿರುವ ಕಟ್ಟಡದ ಒಡೆಯನನ್ನೂ ಅಲ್ಲಿ ಕಚೇರಿ ಹೂಡಿರುವ ಶ್ರೀಮಂತ ಸಂಸ್ಥೆಗಳನ್ನೂ ಸಾರ್ವಜನಿಕವಾಗಿ ನಾಚಿಸುವುದು ಅದರ ಉಪಾಯ. 1990ರ ಜೂನ್ 15ರಂದು ಸೆಂಚುರಿ ಸಿಟಿ ಎಂಬಲ್ಲಿ ಶಾಂತವಾಗಿ ಮೆರವಣಿಗೆ ಹೊರಟವರ ಮೇಲೆ ಪೊಲೀಸರು ಲಾಠಿ ಬೀಸಿದರು. ಆ ದೃಶ್ಯಗಳನ್ನು ಕಂಡು ಊರು ಮರುಗಿತು; ಗುತ್ತಿಗೆ ಸಂಸ್ಥೆ ಸಂಘದೊಡನೆ ಒಪ್ಪಂದಕ್ಕೆ ಬಂದಿತು. ಸಂಘಟಿಸಲಾಗದವರೆಂದು ಯಾರನ್ನು ಕೈಬಿಟ್ಟಿದ್ದರೋ ಅವರೇ ಸಂಘಕ್ಕೆ ಮರುಜೀವ ಕೊಟ್ಟರು. ಚಿತ್ರ ಆಧರಿಸಿರುವುದು ಈ ಚಳವಳಿಯನ್ನೇ.

ಹೋರಾಟದ ಚಿತ್ರಗಳಲ್ಲಿ ದ್ರೋಹಿಯನ್ನು ಕ್ಷುಲ್ಲಕನಾಗಿ ತೋರಿಸುವುದು ವಾಡಿಕೆ. ಲೋಚ್ ಹಾಗೆ ಮಾಡಿಲ್ಲ. ಇಲ್ಲಿ ಹೆಸರುಗಳನ್ನು ಆಡಳಿತಕ್ಕೆ ಒಪ್ಪಿಸುವವಳು ರೋಸಾಳೇ. ಮಾಯಾ ಸಿಟ್ಟಿನಿಂದ ಅಕ್ಕನನ್ನು ಪ್ರಶ್ನಿಸಿದಾಗ, ರೋಸಾ ಅಷ್ಟು ವರ್ಷ ಎದೆಯಲ್ಲಿ ಹೂತಿಟ್ಟದ್ದನ್ನೆಲ್ಲ ಹೊರಹಾಕುತ್ತಾಳೆ. ಊರಿನಲ್ಲಿದ್ದ ತಾಯಿ ತಂಗಿಯರ ಹೊಟ್ಟೆ ತುಂಬಿದ್ದು ತಾನು ದೇಹ ಮಾರಿ ಕಳುಹಿಸಿದ ಹಣದಿಂದ. ಮಾಯಾಳಿಗೆ ಈ ಕೆಲಸ ದೊರೆತದ್ದೂ ಪೆರೆಜ್‌ನಿಗೆ ತಾನು ತೆತ್ತ ಅದೇ ಬೆಲೆಯಿಂದ. ಗಂಡನಿಗೆ ಸಕ್ಕರೆ ಕಾಯಿಲೆ, ವಿಮೆಯಿಲ್ಲ. ಈ ದೃಶ್ಯದಲ್ಲಿ ಎಲ್ಪಿಡಿಯಾ ಕರಿಯೋ ಅವರ ಅಭಿನಯ ನೋಡುಗನನ್ನು ತಲೆತಗ್ಗಿಸುವಂತೆ ಮಾಡುತ್ತದೆ. ರೋಸಾ ಮಾಡಿದ್ದು ತಪ್ಪು. ಚಿತ್ರ ಅದನ್ನು ಸರಿಯೆನ್ನುವುದಿಲ್ಲ. ಆದರೆ ‘ನಾವು’ ಎಂಬ ಮಾತಿನ ಬೆಲೆಯನ್ನು ಎಲ್ಲರೂ ಸಮನಾಗಿ ತೆರುವುದಿಲ್ಲ ಎಂಬ ಸತ್ಯವನ್ನು ಅವಳ ಬಾಯಿಂದಲೇ ಹೇಳಿಸುತ್ತದೆ. ಧೈರ್ಯವನ್ನು ಬೋಧಿಸುವವರೆಲ್ಲರೂ, ಅವರು ಸಂಘಟಕರಾಗಲಿ ಧರ್ಮಬೋಧಕರಾಗಲಿ, ಒಮ್ಮೆ ಕಾಣಬೇಕಾದ ದೃಶ್ಯವಿದು.

ಹೀಗೆ ಮೆಚ್ಚಿಕೊಂಡ ಮೇಲೂ ಎರಡು ಕೊರತೆಗಳನ್ನು ಹೇಳಲೇಬೇಕಾಗಿದೆ.

ಮೊದಲನೆಯದು, ಸ್ಯಾಮ್‌ನ ಲೆಕ್ಕದಲ್ಲಿಯೇ ಅಡಗಿರುವ ಮೌನ. 1982ರಲ್ಲಿ ಎಂಟೂವರೆ ಡಾಲರ್ ಪಡೆಯುತ್ತಿದ್ದವರು ಯಾರು? ಲಾಸ್ ಏಂಜಲಿಸ್‌ನಲ್ಲಿ ಅವರಲ್ಲಿ ಬಹುಮಂದಿ ಕರಿಯ ಅಮೆರಿಕನ್ನರು. ಸಂಘ ಕಟ್ಟಿ ಆ ಕೂಲಿಯನ್ನು ಗಳಿಸಿಕೊಂಡವರು. ಗುತ್ತಿಗೆಯ ಗಾಳಿ ಬೀಸಿದಾಗ ಅವರು ಬೀದಿಗೆ ಬಿದ್ದರು. ಅವರೇನಾದರು ಎಂದು ಚಿತ್ರ ಕೇಳುವುದಿಲ್ಲ. ವಲಸೆಗಾರರಿಂದ ಹಳಬರ ಕೂಲಿ ಇಳಿಯುತ್ತದೆ ಎಂಬ ಆತಂಕವನ್ನು ಬರೀ ಜನಾಂಗದ್ವೇಷವೆಂದು ತಳ್ಳಿಹಾಕುವುದು ಸುಲಭ. ದ್ವೇಷ ಅದರಲ್ಲಿ ಬೆರೆತಿದ್ದುದೂ ನಿಜ. ಆದರೆ ಕೆಲಸ ಕಳೆದುಕೊಂಡವನ ನೋವು ಸುಳ್ಳಲ್ಲ. ಆ ನೋವನ್ನು ಎದುರಿಟ್ಟುಕೊಂಡು, ಕೂಲಿ ಇಳಿಸಿದ್ದು ಬಂದವನಲ್ಲ, ಬಂದವನ ಭಯವನ್ನು ಬಂಡವಾಳ ಮಾಡಿಕೊಂಡವನು ಎಂದು ತೋರಿಸಿದ್ದರೆ ಚಿತ್ರದ ವಾದ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಎರಡನೆಯ ಕೊರತೆ ಇದಕ್ಕಿಂತ ದೊಡ್ಡದು. ಮಾಯಾ ಗಡೀಪಾರಾಗುವುದು ಏಕೆ? ಸಹೋದ್ಯೋಗಿ ರೂಬೆನ್‌ನ ಕಾನೂನು ವಿದ್ಯಾಭ್ಯಾಸದ ಅವಕಾಶ ಹಣವಿಲ್ಲದೆ ತಪ್ಪಿಹೋಗುವ ಹಂತದಲ್ಲಿ ಅವಳು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಹಣ ದೋಚುತ್ತಾಳೆ. ಪ್ರತಿಭಟನೆಯಲ್ಲಿ ಬಂಧಿತಳಾದಾಗ ಬೆರಳಚ್ಚು ತಾಳೆಯಾಗಿ ಸಿಕ್ಕಿಬೀಳುತ್ತಾಳೆ. ಕರುಣೆಯಿಂದ ಮಾಡಿದ ಕಳವು ಎಂಬುದು ಕಥೆಗೆ ಕಣ್ಣೀರು ತರುತ್ತದೆ. ಆದರೆ ಸತ್ಯವನ್ನು ಮಸುಕುಗೊಳಿಸುತ್ತದೆ. ಪ್ರೇಕ್ಷಕ ‘ಕದ್ದಳು, ಅದಕ್ಕೇ ಹೋದಳು’ ಎಂದುಕೊಂಡು ಸಮಾಧಾನದಿಂದ ಮನೆಗೆ ಹೋಗಬಹುದು. ನಿಜ ಜೀವನದಲ್ಲಿ ವಲಸೆ ಕಾರ್ಮಿಕ ಗಡೀಪಾರಾಗಲು ಕದಿಯಬೇಕಿಲ್ಲ. ಸಂಘಕ್ಕೆ ಮತ ಹಾಕಿದರೆ ಸಾಕು. 1999ರಲ್ಲಿ ಮಿನಿಯಾಪೊಲಿಸ್ ನಗರದ ಹೋಟೆಲೊಂದರ ಕೆಲಸಗಾರರು ಸಂಘವನ್ನು ಆರಿಸಿಕೊಂಡರು. ಕೆಲವೇ ವಾರಗಳಲ್ಲಿ ಹೋಟೆಲಿನ ಆಡಳಿತವೇ ವಲಸೆ ಇಲಾಖೆಗೆ ಸುದ್ದಿ ಮುಟ್ಟಿಸಿತು. ಎಂಟು ಮಂದಿ ಬಂಧನಕ್ಕೊಳಗಾದರು. ಅವರು ಮಾಡಿದ ಅಪರಾಧ ಕೊಠಡಿಗಳನ್ನು ಶುಚಿಯಾಗಿಟ್ಟದ್ದು, ತಮ್ಮ ಪರವಾಗಿ ಮಾತನಾಡಲು ಸಂಘ ಬೇಕೆಂದದ್ದು. ಲೋಚ್ ಮಾಯಾಳನ್ನು ಕಳ್ಳಿಯನ್ನಾಗಿಸದೆ ಇದ್ದಿದ್ದರೆ ಆಪಾದನೆ ಬೀಳಬೇಕಾದ ಕಡೆಯೇ, ಅಂದರೆ ಕಾನೂನಿನ ಮೇಲೆಯೇ, ಬೀಳುತ್ತಿತ್ತು.

ಆ ಕಾನೂನು ಯಾವುದು? 1986ರ ವಲಸೆ ಸುಧಾರಣಾ ಕಾಯಿದೆ. ಅದು ಸುಮಾರು 27 ಲಕ್ಷ ಜನರಿಗೆ ಸಕ್ರಮ ವಾಸದ ಅವಕಾಶ ಕೊಟ್ಟಿತು. ಜೊತೆಗೆ, ದಾಖಲೆಪತ್ರಗಳಿಲ್ಲದವರನ್ನು ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ದಂಡವನ್ನೂ ವಿಧಿಸಿತು. ಎ.ಎಫ್.ಎಲ್.-ಸಿ.ಐ.ಒ. ಎಂಬ ಕಾರ್ಮಿಕ ಮಹಾಒಕ್ಕೂಟ ಅಂದು ಈ ದಂಡದ ಪರವಾಗಿತ್ತು. ಆದರೆ ಪ್ರಯೋಗದಲ್ಲಿ ಕತ್ತಿ ತಿರುಗಿತು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಪತ್ರಗಳನ್ನು ಕಣ್ಮುಚ್ಚಿ ಒಪ್ಪುತ್ತಿದ್ದ ಮಾಲೀಕರು, ಸಂಘದ ಮಾತು ಬಂದೊಡನೆ ಅದೇ ಪತ್ರಗಳನ್ನು ಪರೀಕ್ಷಿಸತೊಡಗಿದರು. ಮಾಲೀಕನನ್ನು ದಂಡಿಸಲು ಮಾಡಿದ ಕಾನೂನು ಕೆಲಸಗಾರನ ಬಾಯಿಗೆ ಬೀಗವಾಯಿತು. ಈ ಪಾಠ ಕಲಿತು, 2000ದ ಫೆಬ್ರವರಿ 16ರಂದು ಮಹಾಒಕ್ಕೂಟದ ಕಾರ್ಯಕಾರಿ ಮಂಡಲಿ ತನ್ನ ನಿಲುವನ್ನು ಬದಲಿಸಿತು: ದಂಡದ ಆ ವ್ಯವಸ್ಥೆ ಹೋಗಬೇಕು, ಪತ್ರಗಳಿಲ್ಲದೆ ದುಡಿಯುತ್ತಿರುವ ಲಕ್ಷಾಂತರ ಜನರಿಗೆ ಕ್ಷಮಾದಾನ ನೀಡಿ ಸಕ್ರಮಗೊಳಿಸಬೇಕು. ಹೊರಗಿಡುವುದೇ ರಕ್ಷಣೆ ಎಂದು ನೂರು ವರ್ಷ ನಂಬಿದ್ದ ಸಂಸ್ಥೆಯ ಬಾಯಿಂದ ಬಂದ ಮಾತಿದು. ಇದು ದಯೆಯಿಂದಷ್ಟೇ ಬಂದದ್ದಲ್ಲ. ಪಕ್ಕದಲ್ಲಿ ದುಡಿಯುವವನು ಹೆದರಿ ಬದುಕುವವರೆಗೆ ತನ್ನ ಕೂಲಿಯೂ ಭದ್ರವಲ್ಲ ಎಂಬ ಅರಿವಿನಿಂದ ಬಂದದ್ದು. ವಲಸೆ ಕಾನೂನು ಕೂಲಿಯ ಪ್ರಶ್ನೆಯೂ ಹೌದು ಎಂಬುದನ್ನು ಸಂಘಗಳು ಕಂಡುಕೊಂಡವು.

ಎರಡೇ ವರ್ಷಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದೇ ಅರಿವನ್ನು ತಲೆಕೆಳಗಾಗಿ ದೃಢಪಡಿಸಿತು. 2002ರ ‘ಹಾಫ್‌ಮನ್ ಪ್ಲಾಸ್ಟಿಕ್’ ಮೊಕದ್ದಮೆಯಲ್ಲಿ, ಸಂಘ ಕಟ್ಟುವುದಕ್ಕೆ ನೆರವಾದ ಕಾರಣಕ್ಕೆ ಅಕ್ರಮವಾಗಿ ವಜಾಗೊಂಡ ಕಾರ್ಮಿಕನಿಗೆ ಪತ್ರಗಳಿಲ್ಲದ ಕಾರಣ ಬಾಕಿ ಸಂಬಳ ಸಲ್ಲದು ಎಂದು ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು, ನಾಲ್ವರು ಒಪ್ಪಲಿಲ್ಲ. ಸಂಘ ಸೇರುವ ಹಕ್ಕು ಅವನಿಗಿದೆ, ಹಕ್ಕು ಮುರಿದರೆ ಪರಿಹಾರವಿಲ್ಲ ಎಂದಂತಾಯಿತು. ಬೀಗವಿಲ್ಲದ ಬಾಗಿಲಿನಂಥ ಹಕ್ಕಿದು.

ಪತ್ರಗಳಿದ್ದವರ ಪಾಡೂ ಕೆಲವೊಮ್ಮೆ ಬೇರೆಯಲ್ಲ. 2006ರಲ್ಲಿ ಕತ್ರಿನಾ ಚಂಡಮಾರುತದ ತರುವಾಯ ಸುಮಾರು 500 ಮಂದಿ ಭಾರತೀಯ ವೆಲ್ಡರ್‌ಗಳೂ ಪೈಪ್ ಕೆಲಸಗಾರರೂ, ದಲ್ಲಾಳಿಗಳಿಗೆ ಸಾವಿರಾರು ಡಾಲರ್ ತೆತ್ತು, ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದ ದಕ್ಷಿಣ ಕರಾವಳಿಯ ಹಡಗುಕಟ್ಟೆಗಳಿಗೆ ಹೋದರು. ಹಸಿರು ಕಾರ್ಡಿನ ಆಸೆ ತೋರಿಸಿ ಕರೆದೊಯ್ದವರು ಅವರನ್ನು ಕಿಕ್ಕಿರಿದ ಶಿಬಿರಗಳಲ್ಲಿ ಇರಿಸಿದರು. ದೂರಿದರೆ ಗಡೀಪಾರಿನ ಬೆದರಿಕೆ. 2015ರಲ್ಲಿ ನ್ಯೂ ಆರ್ಲಿಯನ್ಸ್‌ನ ನ್ಯಾಯಾಲಯದಲ್ಲಿ ಅವರಲ್ಲಿ ಐವರಿಗೆ 1 ಕೋಟಿ 40 ಲಕ್ಷ ಡಾಲರ್ ಪರಿಹಾರದ ತೀರ್ಪು ದೊರೆಯಿತು. ಬೆಂಗಳೂರಿನಿಂದ ಎಚ್-1ಬಿ ವೀಸಾದ ಮೇಲೆ ಹೋಗುವ ನಮ್ಮ ತರುಣರ ಸ್ಥಿತಿ ಇವರಿಗಿಂತ ಎಷ್ಟೋ ಮೇಲು. ಆದರೆ ಅವರ ವಾಸವೂ ಮಾಲೀಕನಿಗೇ ಗಂಟುಬಿದ್ದಿದೆ. ಕೆಲಸ ಹೋದರೆ ಹೊಸ ದಾರಿ ಹುಡುಕಲು ಹೆಚ್ಚೆಂದರೆ 60 ದಿನಗಳ ಗಡುವು. ಬಿಟ್ಟುಹೋಗಲಾರದವನು ದನಿಯೆತ್ತಲಾರ. ಅತಿಥಿ ಕಾರ್ಮಿಕ ವೀಸಾಗಳನ್ನು ಅಮೆರಿಕದ ಸಂಘಗಳು ಟೀಕಿಸುವಾಗ ನಾವು ಅದನ್ನು ಭಾರತೀಯರ ಮೇಲಿನ ಅಸೂಯೆ ಎಂದು ಮಾತ್ರ ಓದಬಾರದು. ಈ ಗಂಟನ್ನು ಬಿಚ್ಚಿರಿ ಎಂಬ ಬೇಡಿಕೆಯೂ ಅದರಲ್ಲಿದೆ.

ಧರ್ಮಸಭೆ ಈ ಕಥೆಯ ಹೊರಗಿಲ್ಲ. ಹೊರಗಿದೆಯೆಂದು ನಾವು ಭಾವಿಸಿದರೆ ರೋಸಾಳ ಪ್ರಶ್ನೆ ನಮ್ಮನ್ನೇ ತಟ್ಟುತ್ತದೆ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದರು. ಆದರೂ 1912ರ ಲಾರೆನ್ಸ್‌ನಲ್ಲಿ ಅಲ್ಲಿಯ ಪ್ರಮುಖ ಕಥೋಲಿಕ ಗುರು ಜೇಮ್ಸ್ ಓ’ರೈಲಿ ಮುಷ್ಕರವನ್ನು ವಿರೋಧಿಸಿದರು. 2000ದ ಏಪ್ರಿಲ್‌ನಲ್ಲಿ ಲಾಸ್ ಏಂಜಲಿಸ್‌ನ ಸ್ವಚ್ಛತಾ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದಾಗ ಕಾರ್ಡಿನಲ್ ರೋಜರ್ ಮಹೋನಿ ಅವರಿಗೆ ಬೆಂಬಲವಾಗಿ ನಿಂತರು. ಅದೇ ಮಹೋನಿಯವರು 1980ರ ದಶಕದ ಕೊನೆಯಲ್ಲಿ, ತಮ್ಮದೇ ಮಹಾಧರ್ಮಪ್ರಾಂತದ ಸ್ಮಶಾನಗಳಲ್ಲಿ ಗೋರಿ ಅಗೆಯುವ ವಲಸೆ ಕಾರ್ಮಿಕರು ಸಂಘ ಕಟ್ಟಲು ಹೊರಟಾಗ ಅದನ್ನು ವಿರೋಧಿಸಿದ್ದರು. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ನೆನೆಯುವುದು ಒಳ್ಳೆಯದು. ಇನ್ನೊಬ್ಬರ ಕಟ್ಟಡದ ಕೆಲಸಗಾರನಿಗೆ ಹಕ್ಕು ಬೇಕೆನ್ನುವುದು ಸುಲಭ. ನಮ್ಮ ಶಾಲೆಯ ಆಯಾ, ನಮ್ಮ ಆಸ್ಪತ್ರೆಯ ವಾರ್ಡಿನ ಕೆಲಸಗಾರ, ನಮ್ಮ ಸ್ಮಶಾನದ ಕಾವಲುಗಾರ ಅದನ್ನೇ ಕೇಳಿದಾಗ ನಮ್ಮ ದನಿ ಬದಲಾಗುತ್ತದೆ. ಕೂಲಿಯಾಳು ಸ್ವದೇಶಿಯಾಗಲಿ ಪರದೇಶಿಯಾಗಲಿ ಅವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ತೀರಿಸಬೇಕೆಂದು ಧರ್ಮೋಪದೇಶಕಾಂಡ ವಿಧಿಸುವಾಗ, ಮಾಲೀಕನು ಭಕ್ತನಾಗಿದ್ದರೆ ರಿಯಾಯಿತಿಯುಂಟೆಂದು ಅಲ್ಲೆಲ್ಲೂ ಹೇಳಿಲ್ಲ.

ಸಂಘಗಳ ನಿಲುವು ಬದಲಾಯಿತು, ಕಾನೂನು ಬದಲಾಗಲಿಲ್ಲ. 2003ರಲ್ಲಿ ವಲಸೆ ಕಾರ್ಮಿಕರೂ ಸಂಘದವರೂ ಹತ್ತು ನಗರಗಳಿಂದ ಬಸ್ಸುಗಳಲ್ಲಿ ಹೊರಟು ದೇಶವಿಡೀ ಸಂಚರಿಸಿದರು. 2006ರ ಮೇ ದಿನದಂದು ಲಕ್ಷಾಂತರ ಜನ ಬೀದಿಗಿಳಿದರು. 2007ರ ಮಸೂದೆಯ ಬಗ್ಗೆ ಸಂಘಗಳಲ್ಲಿಯೇ ಒಡಕು ಕಾಣಿಸಿಕೊಂಡಿತು, ಮಸೂದೆ ಬಿದ್ದುಹೋಯಿತು. 2013ರ ಜೂನ್‌ನಲ್ಲಿ ಸಂಘಗಳೂ ಉದ್ಯಮಿಗಳೂ ಒಪ್ಪಿದ ಸುಧಾರಣೆ ಸೆನೆಟ್‌ನಲ್ಲಿ 68-32 ಮತಗಳಿಂದ ಅಂಗೀಕಾರವಾಯಿತು. ಕೆಳಮನೆ ಅದನ್ನು ಚರ್ಚೆಗೂ ಎತ್ತಿಕೊಳ್ಳಲಿಲ್ಲ. 2025ರ ಜೂನ್ 6ರಂದು ಲಾಸ್ ಏಂಜಲಿಸ್‌ನಲ್ಲಿ ವಲಸೆ ಇಲಾಖೆಯವರು ಕೆಲಸದ ಸ್ಥಳಗಳ ಮೇಲೆ ದಾಳಿ ನಡೆಸುತ್ತಿದ್ದಾಗ ಬಂಧನಕ್ಕೊಳಗಾದವರಲ್ಲಿ ಡೇವಿಡ್ ಹುಯೆರ್ಟಾ ಒಬ್ಬರು. ಅವರು ಅದೇ ಸ್ವಚ್ಛತಾ ಕಾರ್ಮಿಕರ ಸಂಘದ ಕ್ಯಾಲಿಫೋರ್ನಿಯಾ ಅಧ್ಯಕ್ಷರು. ಗಾಯಗೊಂಡು ಆಸ್ಪತ್ರೆ ಸೇರಿ, ಮೂರು ದಿನಗಳ ಮೇಲೆ ಜಾಮೀನಿನಲ್ಲಿ ಹೊರಬಂದರು. ಅವರಿಗಾಗಿ ಹಲವು ನಗರಗಳಲ್ಲಿ ಕಾರ್ಮಿಕರು ಸೇರಿದರು. ಗಡೀಪಾರಿನ ಭಯವಿಲ್ಲದ ನಾಯಕನೊಬ್ಬ ಆ ಭಯವಿರುವವರ ಬದಿಗೆ ಹೋಗಿ ನಿಂತು ಪೆಟ್ಟು ತಿಂದದ್ದು, ಸ್ಯಾಮ್ ಕೊಡಲಾರದೆ ಹೋದ ಉತ್ತರದ ಒಂದು ಪಾಲು ಎನ್ನಬಹುದು.

ಚಿತ್ರದ ಕೊನೆಯಲ್ಲಿ, ಒಪ್ಪಂದವನ್ನು ಗೆದ್ದುಕೊಟ್ಟ ಮಾಯಾಳನ್ನು ಬಸ್ಸು ಗಡಿಯತ್ತ ಒಯ್ಯುತ್ತದೆ. ಹೆಸರುಗಳನ್ನು ಒಪ್ಪಿಸಿದ್ದ ರೋಸಾ ಆ ಬಸ್ಸಿನ ಪಕ್ಕದಲ್ಲಿ ಓಡುತ್ತಾಳೆ. ನಾನು ಹೇಳಿದ ಕೊರತೆಗಳೇನೇ ಇರಲಿ, ಈ ಮುಕ್ತಾಯ ಸುಳ್ಳು ಸಮಾಧಾನ ಹೇಳುವುದಿಲ್ಲ. ಕೂಲಿಯ ಕರಾರು ರೊಟ್ಟಿಯನ್ನು ಗೆದ್ದುಕೊಡಬಲ್ಲದು. ಹೆದರಿಕೆಯಿಲ್ಲದೆ ಒಂದೆಡೆ ನೆಲೆಸುವ ಹಕ್ಕು ಇಲ್ಲದವರೆಗೆ ಆ ರೊಟ್ಟಿಯನ್ನು ತಿನ್ನಲು ಗೆದ್ದವಳೇ ಅಲ್ಲಿರುವುದಿಲ್ಲ. ಓದುಗರೇ, ಅವಕಾಶ ದೊರೆತರೆ ಈ ಚಿತ್ರವನ್ನು ನೋಡಿರಿ. ನೋಡಿದ ಮೇಲೆ, ನಮ್ಮ ಧರ್ಮಕೇಂದ್ರದ ಸಭೆಗಳಲ್ಲಿ, ಸಂಘಗಳಲ್ಲಿ, ಪ್ರಾರ್ಥನೆಗಳಲ್ಲಿ ಎಷ್ಟು ಸಲೀಸಾಗಿ ‘ನಾವು’ ಎನ್ನುತ್ತೇವೆಂಬುದನ್ನು ಗಮನಿಸಿರಿ. ಆ ಸಭೆ ಮುಗಿದ ಬಳಿಕ ಕುರ್ಚಿಗಳನ್ನು ಎತ್ತಿಡುವವರು, ನೆಲ ಗುಡಿಸುವವರು ಆ ಮಾತಿನೊಳಗೆ ಇದ್ದಾರೆಯೇ ಎಂದು ಅವರನ್ನೇ ಕೇಳಿ ತಿಳಿಯಿರಿ.